ನೆರಳಿಗೆ ಹಾಕಿದ ಬಾಗಿಲು

ಎಡೆದೊರೆಪಟ್ಟಣ, ಬಿಸಿಲೋಣಿ
೨೨೭ನೇ ಬೇಸಿಗೆ, ಹಿರಿಯರ ಅಮಾವಾಸ್ಯೆಯ ಹಿಂದಿನ ದಿನ, ಶುಕ್ರವಾರ

ಹಿರಿಯರೇ,

ನಮ್ಮ ಊರಿನಲ್ಲಿ ನೆರಳಿಗೆ ಬಾಗಿಲು ಹಾಕಿದ್ದಾರೆ. ಚರ್ಮದ ಬಣ್ಣ ನೋಡಿ ಒಳಗೆ ಬಿಡುತ್ತಾರೆ. ಇದು ಅನ್ಯಾಯ. ಮೊದಲು ಇದನ್ನು ಹೇಳಿ ಆಮೇಲೆ ನಮಸ್ಕಾರ ಹೇಳುತ್ತಿದ್ದೇನೆ. ಕ್ರಮ ತಪ್ಪಿದ್ದರೆ ಮನ್ನಿಸಿ.

ಮೇಲಿನ ತಾರೀಖು ನಿಮಗೆ ತಿಳಿಯಲಿಕ್ಕಿಲ್ಲ. ನಾವು ವರ್ಷಗಳನ್ನು ಎಣಿಸುವುದನ್ನು ಬಿಟ್ಟು ಬೇಸಿಗೆಗಳನ್ನು ಎಣಿಸುತ್ತೇವೆ, ವರ್ಷಕ್ಕೆ ಎರಡು ಬರುತ್ತವೆ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ಎರಡು ಸಾವಿರದ ನೂರ ತೊಂಬತ್ತರ ಆಸುಪಾಸು ಇರಬೇಕು. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಾಲಕ್ಕೆ ಹುಟ್ಟಿರಲಿಲ್ಲ. ಅವನ್ನು ಹುಟ್ಟಿಸಿದವಳು ನಾನಲ್ಲ, ಆದರೂ ಕ್ಷಮೆ ಕೇಳುತ್ತೇನೆ. ನಮ್ಮ ಬೀದಿ ಒಂದೇ. ಅದರ ನಡುವೆ ಆಳೆತ್ತರದ ತಂತಿಜಾಲರಿ ಹಾಕಿ, ಅಲ್ಲಲ್ಲಿ ಕಾವಲಿನ ಬಾಗಿಲಿಟ್ಟು ಎರಡು ಮಾಡಿದ್ದಾರೆ. ಬಡಗಣ ಅರ್ಧ ನೆರಳೋಣಿ, ತೆಂಕಣ ಅರ್ಧ ಬಿಸಿಲೋಣಿ. ನೆರಳೋಣಿಯ ಮೇಲೆ ಮುಂಜಾನೆ ಹತ್ತಕ್ಕೆ ದೊಡ್ಡ ಬಟ್ಟೆಯೊಂದನ್ನು ಎಳೆಯುತ್ತಾರೆ, ಅದಕ್ಕೆ ಹಾಸು ಎನ್ನುತ್ತೇವೆ. ಸಂಜೆ ಐದಕ್ಕೆ ಮಡಚುತ್ತಾರೆ. ಎಳೆಯುವವರು ಬಿಸಿಲಿನಲ್ಲಿ ನಿಂತು ಎಳೆಯಬೇಕು. ನಮ್ಮ ಮನೆತನದ್ದು ಅದೇ ಕೆಲಸ, ಹಗ್ಗದ ಕೆಲಸ.

ಹಿರಿಯರಿಗೆ ಓಲೆ ಬರೆಯುವುದು ನಮ್ಮಲ್ಲಿ ಹಳೆಯ ಪದ್ಧತಿಯಾಗಿಬಿಟ್ಟಿದೆ. ಅಮಾವಾಸ್ಯೆಯ ದಿನ ಓಲೆಯನ್ನು ಎಡೆಯ ಜೊತೆ ಮಡಕೆಯಲ್ಲಿಟ್ಟು ಮನೆಯ ಹಿರಿಮಗಳಿಗೆ ಕಳಿಸಬೇಕು. ಅವಳು ದೀಪದ ಮುಂದೆ ಗಟ್ಟಿಯಾಗಿ ಓದಿ ಆಮೇಲೆ ಹೊಳೆಗೆ ಬಿಡಬೇಕು. ಹಿರಿಮಗಳು ಓದದ ಓಲೆ ಹಿರಿಯರಿಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ಜಾಲರಿ ದಾಟಿ ಹೋಗುವ ಚೀಲ, ಬುತ್ತಿ, ಕಾಗದ ಎಲ್ಲವನ್ನೂ ಬಿಚ್ಚಿ ನೋಡುವ ನೆರಳು ಕಚೇರಿಯವರು ಈ ಮಡಕೆಯನ್ನು ಮಾತ್ರ ಮುಟ್ಟುವುದಿಲ್ಲ. ಸತ್ತವರ ಭಯ ಅವರಿಗೂ ಇದೆ. ನಮ್ಮ ಮನೆಯ ಹಿರಿಮಗಳು ದ್ಯಾವಮ್ಮ, ನನ್ನ ಅಕ್ಕ. ಅವಳು ನೆರಳೋಣಿಯವಳು. ನನ್ನ ಜೊತೆ ಮಾತು ಬಿಟ್ಟು ಎರಡು ತಿಂಗಳಾಯಿತು. ಓಲೆ ನಿಮಗೆ, ಕಣ್ಣು ಮಾತ್ರ ಅವಳದು. ಇದನ್ನು ನಿಮ್ಮಿಂದ ಮುಚ್ಚಿಟ್ಟು ಬರೆಯಲು ನನಗೆ ಇಷ್ಟವಿಲ್ಲ.

ಅಕ್ಕ ನೆರಳಿನವಳು, ತಂಗಿ ಬಿಸಿಲಿನವಳು ಹೇಗಾದರು ಎಂದು ಕೇಳುತ್ತೀರಿ. ನಮ್ಮಲ್ಲಿ ಮಗುವಿಗೆ ಹನ್ನೆರಡು ತುಂಬಿದಾಗ ತೋಳಳತೆ ನಡೆಯುತ್ತದೆ. ಕಚೇರಿಯವನು ಹನ್ನೊಂದು ಬಣ್ಣಗಳ ಪಟ್ಟಿಯೊಂದನ್ನು ಎಡತೋಳಿನ ಒಳಮೈಗೆ ಒತ್ತಿ ಹಿಡಿಯುತ್ತಾನೆ. ಆರನೇ ಬಣ್ಣದವರೆಗೆ ನೆರಳು, ಏಳರಿಂದ ಬಿಸಿಲು. ಅದರ ಮೇಲೆ ಶಾಲೆ, ಕೆಲಸ, ಬಾವಿ, ಮದುವೆ ಎಲ್ಲ ನಿಂತಿದೆ. ಕೇಳಿದರೆ ಕಚೇರಿ ಎರಡು ಕಾರಣ ಕೊಡುತ್ತದೆ. ನೆರಳು ಎಲ್ಲರಿಗೂ ಸಾಲುವಷ್ಟಿಲ್ಲ, ಇದು ಮೊದಲನೆಯದು. ಕಪ್ಪು ಜನಾಂಗದ ಮೈ ಬಿಸಿಲು ತಾಳುತ್ತದೆ, ಇದು ಎರಡನೆಯದು. ಯಾವನೋ ಪಂಡಿತ ನೂರು ವರ್ಷದ ಹಿಂದೆ ವರದಿ ಬರೆದಿದ್ದನಂತೆ. ಅವನು ಎಷ್ಟು ಹೊತ್ತು ಬಿಸಿಲಿನಲ್ಲಿ ನಿಂತು ಬರೆದ ಎಂಬುದು ವರದಿಯಲ್ಲಿಲ್ಲ.

ಅದಕ್ಕೇ ನಮ್ಮ ತಾಯಂದಿರು ಕೂಸು ಹುಟ್ಟಿದ ದಿನದಿಂದ ಅದರ ಎಡತೋಳಿಗೆ ಒದ್ದೆ ಬಟ್ಟೆ ಸುತ್ತುತ್ತಾರೆ. ಹನ್ನೆರಡು ವರ್ಷ ಬಿಸಿಲು ಕಾಣದ ತೋಳು ಒಂದು ಬಣ್ಣ ತಿಳಿಯಾಗುತ್ತದೆ. ಏಳರ ಮಗು ಆರಕ್ಕೆ ಬರುತ್ತದೆ. ಇದು ಇಡೀ ಬಿಸಿಲೋಣಿಗೆ ಗೊತ್ತಿರುವ ಗುಟ್ಟು, ನೂರು ವರ್ಷ ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ. ಅಕ್ಕ ಬಟ್ಟೆ ಕಟ್ಟಿಸಿಕೊಂಡು ಸುಮ್ಮನೆ ಕೂತಳು, ನೆರಳಿಗೆ ಹೋದಳು. ನಾನು ಹಲ್ಲಿನಿಂದ ಕಚ್ಚಿ ಹರಿದು ಬಾವಿಕಟ್ಟೆಯ ಮೇಲೆ ಕುಣಿದೆ, ಎಂಟಕ್ಕೆ ಬಂದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಜಾಲರಿಯ ಎರಡು ಕಡೆಗಾದೆವು.

ಹಿರಿಯರೇ, ಈ ಪಟ್ಟಿಯನ್ನು ನೋಡಿ ನೀವು ಅಯ್ಯೋ ಎನ್ನುವ ಮೊದಲು ಒಂದು ಮಾತು. ನಿಮ್ಮ ಕಾಲದ ಕಾಗದಗಳನ್ನು ನಾನು ಓದಿದ್ದೇನೆ. ನಮ್ಮ ಹಗ್ಗದ ಕೊಟ್ಟಿಗೆಯ ಅಟ್ಟದಲ್ಲಿ ಹಳೆಯ ಪತ್ರಿಕೆ, ಕರಪತ್ರಗಳ ಗಂಟುಗಳಿವೆ. ನಾನು ಅಕ್ಷರ ಕಲಿತದ್ದೇ ಅವುಗಳಲ್ಲಿ. ಬೆಳ್ಳಗಿನ ವಧು ಬೇಕಾಗಿದ್ದಾಳೆ ಎಂದು ನೀವು ಅಚ್ಚು ಹಾಕಿಸಿದ್ದೀರಿ. ಮುಖದ ಬಣ್ಣ ತಿಳಿಯಾಗಿಸುವ ಕ್ರೀಮಿನ ಡಬ್ಬಿಯ ಮೇಲೆ ನಮ್ಮ ಪಟ್ಟಿಯಂಥದ್ದೇ ಪಟ್ಟಿ ಇತ್ತು. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟಿದ್ದಿರಿ. ನಡು ಮಧ್ಯಾಹ್ನ ರಸ್ತೆಗೆ ಡಾಂಬರು ಹಾಕುವವರನ್ನು ಕಂಡು ಕಾರಿನ ಗಾಜು ಏರಿಸಿಕೊಂಡು, ಅವರಿಗೆ ಅಭ್ಯಾಸ ಇರುತ್ತೆ ಎಂದಿರಿ. ಪಂಡಿತನ ವರದಿಯ ಮೊದಲ ವಾಕ್ಯ ಅದೇ. ಅವನು ಹೊಸದೇನನ್ನೂ ಬರೆಯಲಿಲ್ಲ, ನಿಮ್ಮ ಮಾತಿಗೆ ಠಸ್ಸೆ ಒತ್ತಿದ.

ಅದೇ ಗಂಟುಗಳಲ್ಲಿ ಬೇರೆ ಕಾಗದಗಳೂ ಇದ್ದವು. ಸಮುದ್ರದಾಚೆಯ ಒಂದು ಊರಿನಲ್ಲಿ ಕಪ್ಪು ಜನ ವರ್ಷಕ್ಕೂ ಮಿಕ್ಕಿ ಬಸ್ಸು ಹತ್ತದೆ ನಡೆದರಂತೆ. ನಮ್ಮದೇ ದೇಶದಲ್ಲಿ ಜನ ಸಾಲಾಗಿ ಒಂದು ಕೆರೆಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿದರಂತೆ, ಕುಡಿಯಬಾರದೆಂದು ಹೇಳಿದ್ದ ನೀರನ್ನು. ಅವನ್ನು ಓದಿದ ದಿನ ನಾನು ರೊಟ್ಟಿ ತಿನ್ನುವುದನ್ನು ಮರೆತೆ. ನಿಮ್ಮಲ್ಲಿ ಅಂಥವರೂ ಇದ್ದಿರಿ ಎಂಬ ಒಂದೇ ಕಾರಣಕ್ಕೆ ನಿಮಗೆ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ನಮ್ಮ ಅಪ್ಪ ಅಯ್ಯಾಳಪ್ಪ ಹಾಸು ಎಳೆಯುತ್ತಾ ಬಿದ್ದ. ಜಾಲರಿಗೆ ತಲೆ ತಾಗಿಸಿಕೊಂಡೇ ಬಿದ್ದ. ಆಚೆ ಬದಿ ನೆರಳಿನ ಕಲ್ಲುಕಟ್ಟೆ ಇತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ. ನೆರಳೋಣಿಯ ಹೆಂಗಸೊಬ್ಬಳು ತಂಬಿಗೆ ಹಿಡಿದು ಓಡಿ ಬಂದು ಜಾಲರಿಯ ಹತ್ತಿರ ನಿಂತುಬಿಟ್ಟಳು. "ಅಯ್ಯ, ಬಿದ್ದನಲ್ರೀ! ಬಾಗಿಲು ತೆಗೀರಿ" ಎಂದಳು. ಕಾವಲಿನವನು ನಕ್ಕ. "ಏನೂ ಆಗಲ್ರೀ ಅಮ್ಮಾರ. ಬಿಸಿಲಿಗೇ ಹುಟ್ಟಿದ ಮಂದಿ ಇವ್ರು. ಸ್ವಲ್ಪ ಹೊತ್ತಿಗೆ ತಾನಾ ಏಳ್ತಾನ." ಅಪ್ಪ ಏಳಲಿಲ್ಲ. ಹೆಂಗಸು ತಂಬಿಗೆಯನ್ನು ಅಲ್ಲೇ ಇಟ್ಟು ಹೋದಳು. ಅದು ಸಂಜೆಯವರೆಗೆ ಆಚೆಯೇ ಇತ್ತು.

ಆಮೇಲೆ ನಾನು ಕರಪತ್ರ ಬರೆದೆ. ಕೊಟ್ಟಿಗೆಯ ಹಳೆಯ ಮಸಿಮಣೆಯಲ್ಲಿ ಇನ್ನೂರು ಪ್ರತಿ ಒತ್ತಿದೆ. ಅದರ ಹೆಸರು ‘ತೋಳು ಸುಳ್ಳು ಹೇಳುತ್ತದೆ’. ಬಟ್ಟೆ ಕಟ್ಟುವ ವಿಷಯವನ್ನು ಒಂದೂ ಬಿಡದೆ ಬರೆದೆ. ಒಂದು ಬಟ್ಟೆ ತುಂಡು ಜನಾಂಗವನ್ನು ಬದಲಿಸುವುದಾದರೆ ಜನಾಂಗವೆಂಬುದೇ ಸುಳ್ಳು, ಪಟ್ಟಿಯನ್ನು ಸುಡಿರಿ, ಎಂದು ಮುಗಿಸಿದೆ. ಸತ್ಯ ಹೇಳಿದರೆ ಸುಳ್ಳು ತಾನಾಗಿ ಬೀಳುತ್ತದೆ ಎಂದು ಎಲ್ಲ ಕರಪತ್ರಗಳಲ್ಲೂ ಇತ್ತು. ನಾನು ನಂಬಿದೆ.

ಹದಿನೈದು ದಿನಕ್ಕೆ ನೆರಳು ಕಚೇರಿ ಪ್ರಕಟಣೆ ಅಂಟಿಸಿತು. ಈಚೆಗೆ ಹೊರಬಂದ ಕರಪತ್ರವೊಂದರಿಂದ ತೋಳಳತೆಯಲ್ಲಿ ಬಹುಕಾಲದಿಂದ ಮೋಸ ನಡೆದಿರುವುದು ತಿಳಿದುಬಂದಿದೆ, ಅದನ್ನು ಬರೆದವರಿಗೆ ಕಚೇರಿ ಆಭಾರಿ, ಇನ್ನು ಮುಂದೆ ಕುತ್ತಿಗೆಯ ಹಿಂಭಾಗವನ್ನು ಅಳೆಯಲಾಗುವುದು. ಈಗಾಗಲೇ ಒಳಗಿರುವವರನ್ನೂ ಮತ್ತೊಮ್ಮೆ ಅಳೆಯುತ್ತಾರೆ, ಬೀದಿಯ ತುದಿಯಿಂದ ಮನೆ ಮನೆಯಾಗಿ. ಮುಟ್ಟಿದ ಮನೆಗಳಿಂದ ದಿನಕ್ಕೆ ಎರಡು ಮೂರು ಸಂಸಾರ ಹಾಸಿಗೆ ಸುತ್ತಿಕೊಂಡು ಈ ಕಡೆಗೆ ಬರುತ್ತಿವೆ. ಅವರಿಗೆ ಇಲ್ಲಿ ಮನೆಯಿಲ್ಲ, ಬಿಸಿಲಿನ ರೂಢಿಯೂ ಇಲ್ಲ. ಬಂದ ಮೊದಲ ವಾರದಲ್ಲೇ ಇಬ್ಬರು ಮುದುಕರು ತೀರಿಕೊಂಡರು.

ಪ್ರಕಟಣೆ ಬಿದ್ದ ದಿನ ಅಕ್ಕ ಜಾಲರಿಯ ಹತ್ತಿರ ಬಂದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿದಳು. "ನಿನ್ನ ಕರಪತ್ರ ನನ್ನ ಮಗಳ ಕುತ್ತಿಗಿಗೆ ಬಂತು ನೋಡು, ಹುಲಿಗಿ. ಇನ್ನ ನೀ ನನಗ ತಂಗಿ ಅಲ್ಲ" ಎಂದು ತಿರುಗಿ ಹೋದಳು. ಬಿಸಿಲೋಣಿಯಲ್ಲಿಯೂ ನನಗೆ ಜಾಗ ಉಳಿಯಲಿಲ್ಲ. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಾರೆ. ಹಗ್ಗದ ಸಾಲಿನಲ್ಲಿ ನಿಂತರೆ ಸಣ್ಣಹನುಮ ಕೂಗುತ್ತಾನೆ. "ಬಂದ್ಳಪ್ಪಾ ಕರಪತ್ರದಾಕಿ! ಎಲ್ಲಾರೂ ಕುತ್ತಿಗಿ ಮುಚ್ಕೋರಲೇ, ನಾಳೆ ಅಚ್ಚು ಹಾಕಿಸ್ತಾಳ!" ಯಾರೂ ನಗುವುದಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು.

ಊರು ಬಿಟ್ಟು ಹೋಗು ಎನ್ನಬೇಡಿ. ಮುಂದಿನ ನೆರಳು ಎರಡು ಹಗಲಿನ ದಾರಿ, ನಡುವೆ ಒಂದು ಮರವಿಲ್ಲ. ಹತ್ತು ಗಂಟೆಯ ಮೇಲೆ ನೆಲಕ್ಕೆ ಬರಿಗಾಲು ಇಡಲಾಗದು. ನಾವು ನಸುಕಿನಲ್ಲೇ ರೊಟ್ಟಿ ತಟ್ಟಿ, ಗುರೆಳ್ಳು ಪುಡಿ ಹಚ್ಚಿಕೊಂಡು ತಿಂದು, ಒಲೆ ಆರಿಸಿ, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟುಕೊಂಡು ಕೂರುತ್ತೇವೆ. ಹಗ್ಗದ ಪಾಳಿಗೆ ಮಾತ್ರ ಹೊರಬರುತ್ತೇವೆ. ಗೋಣಿಯ ಸಂದಿಯಿಂದ ಕಾಣುವುದು ಆಚೆಯ ಓಣಿಯ ತಂಪು ಕಲ್ಲುಹಾಸು, ಅದರ ಮೇಲೆ ಆಡುವ ಮಕ್ಕಳು.

ಈಗ ಆ ಮಕ್ಕಳೂ ಆಡುತ್ತಿಲ್ಲ. ಅಕ್ಕನಂತೆ ಬಟ್ಟೆ ಕಟ್ಟಿಸಿಕೊಂಡು ಒಳಗೆ ಹೋದ ಮನೆಗಳವರೆಲ್ಲ ಮಕ್ಕಳ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿದ್ದಾರೆ, ಗದ್ದದವರೆಗೆ, ಬಿಗಿಯಾಗಿ. ಶಾಲು ಎಂದು ಹೇಳುತ್ತಾರೆ, ಕೆಮ್ಮು ಎಂದು ಹೇಳುತ್ತಾರೆ. ಅಕ್ಕನ ಮಗಳು ನೀಲಮ್ಮನಿಗೆ ಈಗ ಹನ್ನೆರಡು. ಮೊನ್ನೆ ಜಾಲರಿಯ ಆಚೆ ಹೋಗುತ್ತಿದ್ದಳು. ನಾನು ಕರೆದೆ. ಅವಳಿಗೆ ತಲೆ ತಿರುಗಿಸಲಾಗಲಿಲ್ಲ. ನಿಂತು, ಇಡೀ ಮೈಯನ್ನು ಬಂಡಿಯಂತೆ ತಿರುಗಿಸಿ ನನ್ನನ್ನು ನೋಡಿದಳು. "ಚಿಕ್ಕವ್ವ, ಅವ್ವ ಮಾತಾಡಬ್ಯಾಡ ಅಂದಾಳ" ಎಂದು ಮೆಲ್ಲಗೆ ಹೇಳಿ, ಮತ್ತೆ ಹಾಗೆಯೇ ತಿರುಗಿ ಹೋದಳು. ಬರುವ ಮಂಗಳವಾರ ಮುಂಜಾನೆ ಅವರ ಮನೆಯ ಅಳತೆ.

ಹಿರಿಯರೇ, ಇಲ್ಲಿಂದ ಮುಂದೆ ಓದುವವಳ ದನಿ ತಗ್ಗಲಿ, ನಿಮ್ಮ ಕಿವಿಗಷ್ಟೇ ಬೀಳಲಿ. ಅವತ್ತು ನಾನು ಕುಡುಗೋಲು ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ನಮ್ಮ ಆಯಿ ತಿಪ್ಪಮ್ಮ, ಅಪ್ಪನ ತಾಯಿ, ಹಾಸಿನ ಅಂಚು ಹೊಲಿಯುತ್ತಾ ಕೂತಿದ್ದಳು. ಐವತ್ತು ವರ್ಷದಿಂದ ಹರಿದ ಹಾಸನ್ನು ಹೊಲಿಯುವವಳು ಅವಳೊಬ್ಬಳೇ.

"ಎಲ್ಲಾ ಹಗ್ಗ ಕೊಯ್ತೀನಿ ಆಯಿ. ಅವ್ರೂ ಒಂದಿನ ಸುಡ್ಲಿ" ಎಂದೆ.

"ಸುಡ್ಲಿ. ನಿಮ್ಮಪ್ಪ ಎದ್ದು ಬರ್ತಾನೇನು? ಅವ್ರ ಜೋಡಿ ನೀಲಮ್ಮನೂ ಸುಡ್ತಾಳ. ಅದನ್ನ ಕೆಳಗಿಟ್ಟು ಇಲ್ಲಿ ಬಾ, ಈ ಅಂಚು ಹಿಡಿ."

ಹಿಡಿದೆ.

"ಹೆಂಗೈತಿ?"

"ಭಾರ ಐತಿ."

"ಎಷ್ಟು ಭಾರ?"

"ಎರಡು ಹಾಸಿನಷ್ಟು."

"ಹಾಂ. ಅಟ್ಟದ ತುಂಬ ಓದಿದಾಕಿ, ಇಷ್ಟ್ ದಿನ ಎಳೆದ್ರೂ ಗೊತ್ತಾಗ್ಲಿಲ್ಲೇನು?" ಆಯಿ ಉಗುರಿನಿಂದ ಅಂಚನ್ನು ಬಿಡಿಸಿ ತೋರಿಸಿದಳು. ಅದು ಒಂದು ಬಟ್ಟೆಯಲ್ಲ, ಮಡಚಿದ ಬಟ್ಟೆ. ಒಳಮೈ ಇನ್ನೂ ಹೊಸದರಂತೆ ನೀಲಿಯಾಗಿತ್ತು. "ನಮ್ಮ ಓಣಿ ದಂಡಿಗೆ ಕಬ್ಬಿಣದ ಕಂಬ ಅದಾವಲ್ಲ, ನೀವು ಕುರಿ ಕಟ್ತೀರಲ್ಲ, ಅವನ್ನ ಏನು ಕುರಿ ಕಟ್ಟಾಕ ಹುಗದಾರಂತ ತಿಳ್ಕೊಂಡಿದ್ದೀ? ಇದನ್ನ ಇಡೀ ಬೀದಿಗಂತ ನೇಯ್ದಿದ್ರು. ಜಾಲರಿ ಹಾಕಿದ ದಿನ ಮಡಚಿ ಹೊಲದುಬಿಟ್ರು. ನಮ್ಮಾಯಿ ನನಗ ತೋರಿಸಿದ್ಳು."

ನಾನು ಸಿಟ್ಟಿನಿಂದ ಅಂಚನ್ನು ಕೈಬಿಟ್ಟೆ. "ಐವತ್ತು ವರ್ಷ ಬಾಯಿ ಮುಚ್ಕೊಂಡು ಕುಂತಿದ್ದೀಯಲ್ಲ! ಯಾಕ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನಿಮ್ಮಪ್ಪಗ ಹೇಳಿದ್ರ ನಗ್ತಿದ್ದ. ನಿನಗ ಹೇಳಿದ್ರ ಅಚ್ಚು ಹಾಕಿಸ್ತಿದ್ದಿ."

ಆಯಿ ಸೂಜಿಗೆ ದಾರ ಪೋಣಿಸಿಕೊಂಡು ಮೆಲ್ಲಗೆ ಹೇಳಿದಳು: "ಅಂಜಿದ್ನೆವ್ವ. ಮಗ ಸತ್ತ ಮ್ಯಾಲ ಅಂಜಿಕೆ ಬಿಡ್ತು. ತಡ ಆತು, ಖರೇ."

ಅಪ್ಪ ಸತ್ತಂದಿನಿಂದ ಆಯಿ ದಿನಕ್ಕೆ ಒಂದು ಗೇಣಿನಷ್ಟು ಹಳೆಯ ಗಟ್ಟಿ ಹೊಲಿಗೆಯನ್ನು ಬಿಚ್ಚಿ ಆ ಜಾಗದಲ್ಲಿ ಕಚ್ಚಾ ಹೊಲಿಗೆ ಹಾಕುತ್ತಾ ಬಂದಿದ್ದಾಳೆ, ಒಂದು ಜಗ್ಗಿಗೆ ಹರಿಯುವಂಥದ್ದು. ಎರಡು ಪದರಗಳ ನಡುವೆ ಎಳೆಹಗ್ಗಗಳನ್ನು ಸೇರಿಸಿದ್ದಾಳೆ. ಕಾವಲಿನವರು ಅವಳನ್ನು ನೋಡುತ್ತಲೇ ಇದ್ದರು, ಮುದುಕಿ ಹೊಲಿಯುತ್ತಿದ್ದಾಳೆ ಎಂದುಕೊಂಡರು. ಈಗ ಉಳಿದದ್ದು ಒಂದೇ. ಮಡಚಿದ ಬಟ್ಟೆಯ ಬಿಡಿ ಅಂಚನ್ನು ನೆರಳೋಣಿಯ ಮಾಳಿಗೆಗಳ ಮೇಲೆ ಒಂದೇ ಹಗ್ಗದಿಂದ ಬಿಗಿದಿದ್ದಾರೆ. ಆ ಹಗ್ಗದ ಕೊನೆಯ ಗಂಟು ಜಾಲರಿಯ ಮೂರನೇ ಬಾಗಿಲಿನ ಎದುರಿನ ಮಾಳಿಗೆಯಲ್ಲಿ, ಕಬ್ಬಿಣದ ಬಳೆಯೊಂದರಲ್ಲಿದೆ. ಆ ಮಾಳಿಗೆ ಅಕ್ಕನ ಮನೆಯದು.

ಮಧ್ಯಾಹ್ನದ ಗಂಟೆ ಹೊಡೆದಾಗ ಕಾವಲಿನವರು ಊಟಕ್ಕೆ ಕೂರುತ್ತಾರೆ. ಆಗ ಹಗ್ಗದವರು ನಲವತ್ತು ಜನ ಎಳೆಯುತ್ತಾರೆ. ಗಂಟು ಬಿಚ್ಚಿದ್ದರೆ ಬಟ್ಟೆ ಜಾಲರಿಯನ್ನು ದಾಟಿ ನಮ್ಮ ಕಂಬಗಳವರೆಗೆ ಬರುತ್ತದೆ, ಬೀದಿಯ ಎರಡೂ ಕಡೆ ನೆರಳಾಗುತ್ತದೆ. ಗಂಟು ಹಾಗೇ ಇದ್ದರೆ ಹಾಸು ಹರಿಯುತ್ತದೆ. ಹಾಸು ಹರಿದವರಿಗೆ ಕನ್ನಡಿಹೊಲದ ಶಿಕ್ಷೆ. ಬಿಸಿಲನ್ನು ಹಿಡಿದು ಶಾಖ ಮಾಡುವ ಗಾಜುಗಳ ಬಯಲು ಅದು, ಹಗಲಿಡೀ ಅಲ್ಲಿ ಗಾಜು ಒರೆಸಬೇಕು. ಅಲ್ಲಿಂದ ಎರಡನೇ ಬೇಸಿಗೆಗೆ ತಿರುಗಿ ಬಂದವರನ್ನು ನಾನು ಕಂಡಿಲ್ಲ.

ಮರುದಿನವೇ ಅವರು ಮತ್ತೆ ಮಡಚುತ್ತಾರೆ, ನಮ್ಮನ್ನು ಹೊಡೆಯುತ್ತಾರೆ, ನನಗೆ ಗೊತ್ತು. ಒಂದು ಮಧ್ಯಾಹ್ನದಲ್ಲಿ ಜಾಲರಿ ಬೀಳುವುದಿಲ್ಲ. ಈ ಸಲ ಕರಪತ್ರದವಳಂತೆ ಮಾತಾಡುವುದಿಲ್ಲ. ಆದರೆ ನೆರಳು ಸಾಲುವುದಿಲ್ಲ ಎಂಬ ಮಾತನ್ನು ಆ ಮಧ್ಯಾಹ್ನದ ಮೇಲೆ ಯಾರೂ ಹೇಳಲಾರರು. ತಂಬಿಗೆ ಹಿಡಿದು ನಿಂತಿದ್ದ ಆ ಹೆಂಗಸೂ ನೋಡಿರುತ್ತಾಳೆ. ಒಳಗೆ ಅಂಥವರು ಎಷ್ಟು ಜನ ಇದ್ದಾರೋ ನನಗೆ ತಿಳಿಯದು, ಅವರಿಗೂ ತಿಳಿಯದು.

ಹಗ್ಗದವರು ಆಯಿಯ ಮಾತಿಗೆ ಒಪ್ಪಿದ್ದಾರೆ, ನನ್ನ ಮಾತಿಗಲ್ಲ. ನಾನೂ ಎಳೆಯುತ್ತೇನೆ ಎಂದೆ. "ಎಳೆಯಾಕ ನಲವತ್ತು ಮಂದಿ ಅದಾರ. ಬರಿಯಾಕ ನೀ ಒಬ್ಬಾಕಿ. ಕುಂತು ಬರಿ" ಎಂದಳು ಆಯಿ. ಸಣ್ಣಹನುಮ ಈ ಸಲ ಮಸಿಯ ಬಟ್ಟಲನ್ನು ತಂದು ನನ್ನ ಮುಂದೆ ಇಟ್ಟು ಹೋದ.

ಹಿರಿಯರೇ, ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ದಿನಗಳಲ್ಲಿ ಯಾರಾದರೂ ಪಟ್ಟಿ ಹಿಡಿದು ಬಂದರೆ, ಎಷ್ಟೇ ನಗುನಗುತ್ತಾ ಬಂದರೂ, ಲೆಕ್ಕಕ್ಕೆ ಎಂದರೂ, ನಿಮ್ಮ ಒಳಿತಿಗೆ ಎಂದರೂ, ತೋಳು ಚಾಚಬೇಡಿ. ಪಕ್ಕದವನ ತೋಳು ನಿಮ್ಮದಕ್ಕಿಂತ ಕಪ್ಪಗಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ನಾವು ಸಿಕ್ಕಿಬಿದ್ದದ್ದು ಆ ಸಮಾಧಾನದಲ್ಲಿ. ನಿಮ್ಮ ಕೂಡ ನನ್ನ ಮಾತು ಮುಗಿಯಿತು.

ಅಕ್ಕಾ, ಇಲ್ಲಿಯವರೆಗೆ ಓದಿದ್ದೀ ಎಂದರೆ ಮಡಕೆಯನ್ನು ಗೋಡೆಗೆ ಎಸೆದಿಲ್ಲ ಎಂದಾಯಿತು. ಇನ್ನು ಮುಂದಿನದನ್ನು ಮನಸ್ಸಿನಲ್ಲೇ ಓದು. ನೀಲಮ್ಮನ ಕುತ್ತಿಗೆ ಮಂಗಳವಾರ ಆರನೇ ಬಣ್ಣಕ್ಕೆ ಬಂದರೂ ಬರಬಹುದು. ನೀನು ಗಂಟು ಬಿಚ್ಚಿದರೆ ಆ ಆಸೆಯೂ ಹೋಗುತ್ತದೆ, ನಿನ್ನ ಮನೆಯೂ ಹೋಗುತ್ತದೆ. ಇದನ್ನು ಬಲ್ಲೆ, ಬಲ್ಲೆನೆಂದೇ ಬರೆಯಲು ಮೂರು ದಿನ ಹಿಡಿಯಿತು. ಕಳೆದ ಸಲ ನಿನ್ನನ್ನು ಕೇಳದೆ ನಿನ್ನ ಬದುಕಿನ ಗುಟ್ಟನ್ನು ಬೀದಿಗೆ ಹಾಕಿದೆ. ಅದು ತಪ್ಪು. ಈ ಸಲ ಕೇಳುತ್ತಿದ್ದೇನೆ. ಬೇಡವೆನಿಸಿದರೆ ಭಾನುವಾರ ಸಂಜೆಯೊಳಗೆ ಮಾಳಿಗೆಯ ಮೇಲೆ ಕೆಂಪು ಸೀರೆ ಒಣಹಾಕು, ನಲವತ್ತು ಜನರೂ ಹಗ್ಗ ಮುಟ್ಟದೆ ಮನೆಗೆ ಹೋಗುತ್ತಾರೆ, ನಿನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ಆಯಿ ಹಾಗೆಂದು ಆಣೆ ಹಾಕಿಸಿದ್ದಾಳೆ.

ಬರುವುದಾದರೆ ನೀಲಮ್ಮನನ್ನೂ ಮಾಳಿಗೆಗೆ ಕರೆದುಕೊಂಡು ಬಾ. ಅವಳ ಬಟ್ಟೆಯನ್ನು ಮೊದಲು ಬಿಚ್ಚು, ಆಮೇಲೆ ಗಂಟು. ನಾನು ಕೆಳಗೆ ಜಾಲರಿಯ ಹತ್ತಿರ ನಿಂತಿರುತ್ತೇನೆ.

ನಿನ್ನ ತಂಗಿ ಹುಲಿಗೆವ್ವ

ಮೂರನೇ ಬಾಗಿಲು. ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ.